ಸದಾ ತಿನ್ನುವ ಗುಂಗಿನಲ್ಲಿರುವ ಬೆಕ್ಕಿಗೆ ಆಟೋಮ್ಯಾಟಿಕ್ ಫೀಡರ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೊತ್ತು ಹೊತ್ತಿಗೆ ತಾನೇ ಊಟ ಹಾಕುವ ಯಂತ್ರ, ಅಂದರೆ ಫೀಡರ್, ತಂದಿಟ್ಟರೂ ಬೆಕ್ಕು ಬೆಳಗಿನ ಜಾವಕ್ಕೇ ಎಬ್ಬಿಸುತ್ತದೆ. ತೂಕ ಇಳಿಯುತ್ತಿಲ್ಲ. ಈಗೀಗ ಯಂತ್ರವನ್ನೇ ಉರುಳಿಸಿ ಕಾಳು (ಬೆಕ್ಕಿನ ಒಣ ಆಹಾರ) ಚೆಲ್ಲಿಕೊಂಡು ತಿನ್ನುತ್ತಿದೆ. ಬೆಕ್ಕು ಸಾಕಿದವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಕೆದಕಿ ಕೇಳಿದರೆ ಹೆಚ್ಚಿನವರು ಮಾಡಿರುವುದು ಒಂದೇ. ಪೆಟ್ಟಿಗೆ ಬಿಚ್ಚಿ, ಕಾಳು ತುಂಬಿ, ಸಮಯ ಒತ್ತಿ, ಇನ್ನು ಎಲ್ಲ ಸರಿಹೋಯಿತು ಅಂತ ಅದೇ ರಾತ್ರಿ ನೆಮ್ಮದಿಯಾಗಿ ಮಲಗಿರುತ್ತಾರೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಫೀಡರ್‌ನಿಂದ ಬೆಕ್ಕಿನ ಹಸಿವು ಕಡಿಮೆಯಾಗುವುದಿಲ್ಲ. ಕಾಡಿದರೆ ನೀವು ಊಟ ಹಾಕುತ್ತೀರಿ ಎಂಬ ಅದರ ನಂಬಿಕೆಯನ್ನು ಬಿಡಿಸಲು ಮಾತ್ರ ಅದು ಸಹಾಯ ಮಾಡುತ್ತದೆ. ಆ ನಂಬಿಕೆ ಬಿಡಲು ಕೆಲವು ವಾರಗಳೇ ಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 1 ಮತ್ತು 4ನೇ ಹಂತಗಳನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ಸೋಲುವವರೂ ಬಹುತೇಕ ಅವರೇ.

## ಕೈಯಲ್ಲಿ ಏನೇನು ಇರಬೇಕು

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬೆಕ್ಕನ್ನು ತೂಗಲು ಇನ್ನೊಂದು ತಕ್ಕಡಿ. ಮಗುವಿನ ತೂಕ ನೋಡುವಂಥದ್ದು ಸಿಕ್ಕರೆ ಒಳ್ಳೆಯದು. ಒಂದು ನೋಟ್‌ಬುಕ್. ಫೀಡರ್‌ಗೆ ಹೊಸ ಬ್ಯಾಟರಿ. ಭಾರವಾದ ಮರದ ಹಲಗೆ, ಅಥವಾ ಫೀಡರನ್ನು ಗೋಡೆಗೆ ಬಿಗಿಯಲು ಪಟ್ಟಿ. ಸ್ಟೀಲ್ ಬಟ್ಟಲು. ಇಷ್ಟು ಸಾಕು.

ಅಳತೆಗೆ ಕಪ್ ಬಳಸಬೇಡಿ. ಅದೇ ಕಪ್ಪಿನಲ್ಲಿ ಇವತ್ತು ತುಂಬಿದ ಕಾಳಿಗೂ ನಾಳೆ ತುಂಬುವ ಕಾಳಿಗೂ ತೂಕದಲ್ಲಿ ಸಾಕಷ್ಟು ವ್ಯತ್ಯಾಸ ಬರುತ್ತದೆ. ಬೆಕ್ಕಿನ ದಿನದ ಊಟವೇ ಐವತ್ತು ಅರವತ್ತು ಗ್ರಾಂ ಇರುವಾಗ ಐದು ಗ್ರಾಂ ಕೂಡ ದೊಡ್ಡ ತಪ್ಪೇ.

## ಹಂತ 1: ಇದು ಬರೀ ಆಸೆಯೋ, ಕಾಯಿಲೆಯೋ?

ಮೊದಲ ಕೆಲಸ ಪಶುವೈದ್ಯರ ಭೇಟಿ. ವಿಪರೀತ ಹಸಿವು ಕೆಲವು ಕಾಯಿಲೆಗಳ ಲಕ್ಷಣವೂ ಹೌದು. ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಸಕ್ಕರೆ ಕಾಯಿಲೆ, ಜಂತುಹುಳು, ತಿಂದದ್ದು ಮೈಗೆ ಹತ್ತದಂಥ ಕರುಳಿನ ತೊಂದರೆ, ಇವೆಲ್ಲ ಬೆಕ್ಕನ್ನು ಹೊಟ್ಟೆಬಾಕ ಮಾಡುತ್ತವೆ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಬೆಕ್ಕಿಗೂ ಹಸಿವು ಜಾಸ್ತಿ. ಇಂಥ ಬೆಕ್ಕಿಗೆ ಫೀಡರ್ ಇಟ್ಟು ಊಟ ಕಡಿಮೆ ಮಾಡಿದರೆ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಮುಖ್ಯ ಗುರುತು ಒಂದಿದೆ. ಚೆನ್ನಾಗಿ ತಿಂದೂ ತೂಕ ಇಳಿಯುತ್ತಿದ್ದರೆ ಅದು ಆಸೆಯಲ್ಲ. ಜೊತೆಗೆ ನೀರು ಕುಡಿಯುವುದು, ಮೂತ್ರ ಮಾಡುವುದು ಹೆಚ್ಚಾಗಿದ್ದರೆ ಫೀಡರ್ ವಿಚಾರ ಬದಿಗಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೆಕ್ಕಿನ ಕಥೆ ಬೇರೆ. ಅದಕ್ಕೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಮನೆಯೊಳಗೇ ಇರುವ ಬೆಕ್ಕಾದರೆ ಬೇಸರಕ್ಕೂ ತಿನ್ನುತ್ತದೆ. ಈ ಮಾರ್ಗದರ್ಶಿ ಹೆಚ್ಚಾಗಿ ಇಂಥ ಬೆಕ್ಕುಗಳಿಗಾಗಿ.

ಇನ್ಸುಲಿನ್ ಪಡೆಯುವ ಬೆಕ್ಕಿದ್ದರೆ ಊಟದ ಸಮಯವನ್ನು ನೀವೇ ಬದಲಿಸಬೇಡಿ. ಚುಚ್ಚುಮದ್ದಿಗೂ ಊಟಕ್ಕೂ ಸಂಬಂಧ ಇರುತ್ತದೆ. ವೈದ್ಯರು ಹೇಳಿದ ವೇಳೆಯನ್ನೇ ಫೀಡರ್‌ನಲ್ಲಿ ಹೊಂದಿಸಿ.

## ಹಂತ 2: ದಿನಕ್ಕೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ

ಸುಲಭದ ಲೆಕ್ಕ ಇದು: ಬೆಕ್ಕಿನ ತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಂಡು 30ರಿಂದ ಗುಣಿಸಿ, 70 ಕೂಡಿಸಿ. ಸುಮ್ಮನೆ ಬಿದ್ದುಕೊಂಡಿದ್ದರೂ ಬೇಕಾಗುವ ಕಿಲೋ ಕ್ಯಾಲೊರಿ ಅಷ್ಟು. ಸರಿಯಾದ ತೂಕದಲ್ಲಿರುವ, ಸಂತಾನಹರಣ ಆದ ಬೆಕ್ಕಿಗೆ ಅದರ 1.2 ಪಟ್ಟು ಇಟ್ಟುಕೊಂಡು ಶುರುಮಾಡಬಹುದು. ತೂಕ ಇಳಿಸಬೇಕಾದ ಬೆಕ್ಕಿಗೆ ಈಗಿರುವ ತೂಕ ಹಾಕಬೇಡಿ. ಇರಬೇಕಾದ ತೂಕ ಹಾಕಿ, 1.2ರಿಂದ ಗುಣಿಸದೆ ಬಿಡಿ. ಇರಬೇಕಾದ ತೂಕ ಎಷ್ಟು ಎಂದು ವೈದ್ಯರು ಮುಟ್ಟಿ ನೋಡಿ ಹೇಳುತ್ತಾರೆ. ಮೆಲ್ಲಗೆ ಒತ್ತಿದಾಗ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ಒಂದು ಉದಾಹರಣೆ ನೋಡಿ. ಬೆಕ್ಕು 5.5 ಕೆ.ಜಿ. ಇದೆ, ಇರಬೇಕಾದದ್ದು 4.5. ಅಂದರೆ 4.5 × 30 + 70 = 205 ಕಿಲೋ ಕ್ಯಾಲೊರಿ. ಒಣ ಆಹಾರದ ಚೀಲದ ಮೇಲೆ 100 ಗ್ರಾಂಗೆ 370 ಎಂದು ಇದ್ದರೆ ದಿನಕ್ಕೆ ಸುಮಾರು 55 ಗ್ರಾಂ ಕಾಳು. ಬೇರೆ ತಿನಿಸು, ಟ್ರೀಟ್ ಏನೇ ಕೊಟ್ಟರೂ ಅದು ಈ ಲೆಕ್ಕದೊಳಗೇ ಬರಬೇಕು. ದಿನದ ಕ್ಯಾಲೊರಿಯ ಶೇಕಡಾ 10 ದಾಟಬಾರದು.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಇಷ್ಟು ದಿನ 90 ಗ್ರಾಂ ತಿನ್ನುತ್ತಿದ್ದ ಬೆಕ್ಕಿಗೆ ನಾಳೆಯಿಂದಲೇ 55 ಮಾಡಬೇಡಿ. ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸಿ. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಜೀವಕ್ಕೇ ಅಪಾಯ ಬರಬಹುದು. ವಾರಕ್ಕೆ ದೇಹದ ತೂಕದ ಶೇಕಡಾ 0.5ರಿಂದ 1ರಷ್ಟು ಇಳಿದರೆ ಸಾಕು. ಈ ಬೆಕ್ಕಿನ ಲೆಕ್ಕದಲ್ಲಿ ಅದು 28ರಿಂದ 55 ಗ್ರಾಂ. ಬಹಳ ನಿಧಾನ ಅನ್ನಿಸುತ್ತದೆ, ಅಲ್ವಾ? ಹಾಗೇ ಇರಬೇಕು.

## ಹಂತ 3: ನಿಮ್ಮ ಬೆಕ್ಕಿಗೆ ಯಾವ ಫೀಡರ್?

ಮಾರುಕಟ್ಟೆಯಲ್ಲಿ ನೂರು ಮಾದರಿ ಇದ್ದರೂ ಜಾತಿ ಮೂರೇ.

ಮೊದಲನೆಯದು, ಮೇಲೆ ಕಾಳು ತುಂಬುವ ಡಬ್ಬಿ, ಕೆಳಗೆ ತಿರುಗುವ ಚಕ್ರ ಇರುವಂಥದ್ದು. ಒಣ ಆಹಾರಕ್ಕೆ ಮಾತ್ರ. ದಿನಕ್ಕೆ ಐದಾರು ಸಲ ಸಣ್ಣ ಸಣ್ಣ ಊಟ ಕೊಡಲು ಇದೇ ಸರಿ. ಎರಡನೆಯದು, ಹೋಳು ಹೋಳಾಗಿ ಭಾಗ ಮಾಡಿದ ತಟ್ಟೆ ತಿರುಗುವಂಥದ್ದು. ವೆಟ್ ಫುಡ್ (ಡಬ್ಬಿ, ಪೊಟ್ಟಣಗಳಲ್ಲಿ ಬರುವ ಹಸಿ ಆಹಾರ) ಇಡಬಹುದು, ಕೆಳಗೆ ಐಸ್ ಪ್ಯಾಕ್ ಇಡಲು ಜಾಗ ಇರುವಂಥದ್ದನ್ನು ನೋಡಿ. ಐಸ್ ಪ್ಯಾಕ್ ಇಲ್ಲದೆ ವೆಟ್ ಫುಡ್ಡನ್ನು ನಾಲ್ಕು ಗಂಟೆಗಿಂತ ಜಾಸ್ತಿ ಹೊರಗಿಡಬಾರದು. ಸೆಕೆಯ ದಿನಗಳಲ್ಲಿ ಇನ್ನೂ ಕಡಿಮೆ. ಮೂರನೆಯದು, ಬೆಕ್ಕಿನ ಚರ್ಮದಡಿ ಇಟ್ಟಿರುವ ಗುರುತಿನ ಮೈಕ್ರೋಚಿಪ್ ಅಥವಾ ಕೊರಳಪಟ್ಟಿಯ ಟ್ಯಾಗ್ ಓದಿ ಮುಚ್ಚಳ ತೆರೆಯುವಂಥದ್ದು. ಇದು ಬೇಕಾಗುವುದು ಒಂದಕ್ಕಿಂತ ಹೆಚ್ಚು ಬೆಕ್ಕು ಇರುವ ಮನೆಗೆ. ಒಂದೇ ಬೆಕ್ಕಿದ್ದರೆ ಈ ಖರ್ಚು ಬೇಡ.

ಯಾವುದನ್ನು ಕೊಂಡರೂ ನಾಲ್ಕು ವಿಷಯ ನೋಡಿಕೊಳ್ಳಿ. ಕರೆಂಟ್ ಹೋದರೆ ಬ್ಯಾಟರಿಯಲ್ಲಿ ನಡೆಯಬೇಕು. ವೇಳಾಪಟ್ಟಿ ಯಂತ್ರದ ಒಳಗೇ ಉಳಿಯಬೇಕು. ವೈಫೈ ಹೋದ ತಕ್ಷಣ ಊಟ ನಿಲ್ಲಿಸುವ ಯಂತ್ರ ಬೇಡವೇ ಬೇಡ. ಒಂದು ಸಲಕ್ಕೆ ಬೀಳುವ ಪಾಲು ಚಿಕ್ಕದಿರಬೇಕು, 10 ಗ್ರಾಂ ಒಳಗಿದ್ದರೆ ಒಳ್ಳೆಯದು. ಮುಚ್ಚಳಕ್ಕೆ ಒತ್ತಿದರೆ ಬಿಚ್ಚುವ ಕ್ಲಿಪ್ ಬೇಡ, ತಿರುಗಿಸಿ ಬೀಗ ಹಾಕುವಂತಿರಲಿ.

ನಿಮ್ಮ ದನಿ ರೆಕಾರ್ಡ್ ಮಾಡಿ ಊಟದ ಹೊತ್ತಿಗೆ ಕೇಳಿಸುವ ಸೌಲಭ್ಯ ಎಷ್ಟೋ ಫೀಡರ್‌ಗಳಲ್ಲಿ ಇದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಊಟಕ್ಕೂ ನಿಮಗೂ ಇರುವ ನಂಟು ಕಡಿಯಲು ಹೊರಟು, ನಿಮ್ಮ ದನಿಯನ್ನೇ ಊಟದ ಗಂಟೆ ಮಾಡಿದರೆ ಹೇಗೆ?

## ಹಂತ 4: ಬೆಕ್ಕಿಗೆ ತೋರಿಸುವ ಮೊದಲು ಯಂತ್ರವನ್ನು ಪರೀಕ್ಷಿಸಿ

ಫೀಡರ್ ತೂಕ ನೋಡಿ ಹಾಕುವುದಿಲ್ಲ. ಚಕ್ರದ ಒಂದು ಖಾನೆಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನು ಉದುರಿಸುತ್ತದೆ. ದೊಡ್ಡ ಕಾಳಾದರೆ ಖಾನೆಯಲ್ಲಿ ಕಡಿಮೆ ಕೂರುತ್ತದೆ, ಚಿಕ್ಕದಾದರೆ ಜಾಸ್ತಿ. ಹಾಗಾಗಿ ಪೆಟ್ಟಿಗೆಯ ಮೇಲೆ ‘ಒಂದು ಪಾಲು 10 ಗ್ರಾಂ’ ಎಂದು ಬರೆದಿದ್ದರೂ ನಂಬಬೇಡಿ.

ಡಬ್ಬಿಗೆ ಅರ್ಧದಷ್ಟು ಕಾಳು ತುಂಬಿ. ಮೊದಲ ಎರಡು ಪಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಚಕ್ರದ ಖಾನೆ ಆಗ ಪೂರ್ತಿ ತುಂಬಿರುವುದಿಲ್ಲ. ಆಮೇಲೆ ಹತ್ತು ಪಾಲು ಬೀಳಿಸಿ. ಪ್ರತಿಯೊಂದನ್ನೂ ಬೇರೆ ಬೇರೆ ತೂಗಿ ಬರೆದುಕೊಳ್ಳಿ. ಒಟ್ಟು 92 ಗ್ರಾಂ ಬಂದರೆ ಒಂದು ಪಾಲು 9.2. ನಮ್ಮ ಉದಾಹರಣೆಯ ಬೆಕ್ಕಿಗೆ ದಿನಕ್ಕೆ ಆರು ಪಾಲು ಕೊಟ್ಟರೆ 55 ಗ್ರಾಂ ಆಯಿತು.

ಸರಾಸರಿ ಸರಿಯಿದ್ದರೆ ಸಾಲದು. ಒಂದು ಪಾಲು 4 ಗ್ರಾಂ, ಮುಂದಿನದು 14 ಗ್ರಾಂ ಬೀಳುತ್ತಿದ್ದರೆ ಆ ಕಾಳು ಆ ಯಂತ್ರಕ್ಕೆ ಹೊಂದುವುದಿಲ್ಲ. ಕಾಳು ಚಕ್ರದಲ್ಲಿ ಸಿಕ್ಕಿಹಾಕಿಕೊಳ್ಳುವ ಮುನ್ಸೂಚನೆ ಅದು. ಉದ್ದನೆಯ, ತ್ರಿಕೋನದ, ನಕ್ಷತ್ರದ ಆಕಾರದ ಕಾಳುಗಳು ಹೀಗೆ ಕಾಡುತ್ತವೆ. ಚಿಕ್ಕ ಗುಂಡು ಕಾಳು ಸಲೀಸಾಗಿ ಬೀಳುತ್ತದೆ. ಕಾಳು ಬದಲಿಸುವುದಾದರೆ ಹಳೆಯದರ ಜೊತೆ ಬೆರೆಸುತ್ತಾ 7ರಿಂದ 10 ದಿನದಲ್ಲಿ ಬದಲಿಸಿ. ಬದಲಾದ ಮೇಲೆ ಈ ಪರೀಕ್ಷೆಯನ್ನು ಮತ್ತೆ ಮಾಡಿ.

ಇನ್ನೆರಡು ಪರೀಕ್ಷೆ ಉಳಿದಿವೆ. ಡಬ್ಬಿಯ ತಳದಲ್ಲಿ ಸ್ವಲ್ಪವೇ ಕಾಳು ಉಳಿದಾಗ ಪಾಲು ಎಷ್ಟು ಕುಗ್ಗುತ್ತದೆ ನೋಡಿ. ಕುಗ್ಗುವ ಆ ಮಟ್ಟಕ್ಕೆ ಹೊರಗಿನಿಂದ ಒಂದು ಗುರುತು ಹಾಕಿ, ಅದಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಎರಡನೆಯದು, ವೇಳಾಪಟ್ಟಿ ಹೊಂದಿಸಿ ಪ್ಲಗ್ ಕಿತ್ತುಬಿಡಿ. ಗಡಿಯಾರ ಸರಿಯಾಗೇ ಇದೆಯಾ, ಮುಂದಿನ ಊಟ ಬಿತ್ತಾ ಅಂತ ಪರೀಕ್ಷಿಸಿ. ಒಂದು ಇಡೀ ದಿನ ಬೆಕ್ಕಿಲ್ಲದ ಕೋಣೆಯಲ್ಲಿ ಯಂತ್ರವನ್ನು ಓಡಿಸಿ. ಬೇಸರದ ಕೆಲಸ ಹೌದು. ಆದರೆ ನಡುರಾತ್ರಿ ಇದು ಕೈಕೊಟ್ಟರೆ ಅಷ್ಟೂ ದಿನದ ತರಬೇತಿ ನೀರುಪಾಲು.

## ಹಂತ 5: ಜಾಗ ಮತ್ತು ಕಳ್ಳತನಕ್ಕೆ ತಡೆ

ಮಲಗುವ ಕೋಣೆಯಿಂದ ದೂರ ಇಡಿ. ಟಾಯ್ಲೆಟ್ ಟ್ರೇ ಹತ್ತಿರ ಬೇಡ. ನೀರಿನ ಬಟ್ಟಲೂ ಸ್ವಲ್ಪ ದೂರದಲ್ಲೇ ಇರಲಿ. ಗೋಡೆಯ ಮೂಲೆ ಒಳ್ಳೆಯ ಜಾಗ, ಏಕೆಂದರೆ ಎರಡು ಬದಿಯಿಂದ ತಳ್ಳಲು ಆಗುವುದಿಲ್ಲ.

ತಿನ್ನುವ ಹುಚ್ಚಿರುವ ಬೆಕ್ಕು ಮೂರು ದಾರಿ ಹುಡುಕುತ್ತದೆ.

ಉರುಳಿಸುವುದು ಮೊದಲ ದಾರಿ. ಫೀಡರನ್ನು ಅಗಲವಾದ ಭಾರದ ಹಲಗೆಗೆ ಸ್ಕ್ರೂ ಅಥವಾ ಪಟ್ಟಿಯಿಂದ ಬಿಗಿಯಿರಿ. ಅಂಟುವ ಟೇಪ್ ಮಾತ್ರ ಹಾಕಿದರೆ ಕೆಲವೇ ದಿನದಲ್ಲಿ ಬಿಡುತ್ತದೆ.

ಕಾಳು ಬೀಳುವ ಬಾಯಿಯೊಳಗೆ ಪಂಜ ಹಾಕಿ ಕೆರೆದುಕೊಳ್ಳುವುದು ಎರಡನೆಯ ದಾರಿ. ಇದಕ್ಕೆ ಬೆಕ್ಕು ಬಹಳ ಬೇಗ ಚಾಲಾಕಿಯಾಗುತ್ತದೆ. ಕಾಳು ಬೀಳುವ ಬಾಯಿಗೂ ಬಟ್ಟಲಿಗೂ ನಡುವೆ ಬಾಗಿದ ಕೊಳವೆ ಇದ್ದರೆ ಪಂಜ ಮೇಲಕ್ಕೆ ಹೋಗುವುದಿಲ್ಲ. ಕೆಲವರು ಅಗಲದ ಪ್ಲಾಸ್ಟಿಕ್ ಪೈಪಿನ ತುಂಡನ್ನು ಇದಕ್ಕೆ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಕಾಳು ಪೈಪಿನಲ್ಲಿ ನಿಲ್ಲದೆ ಪೂರ್ತಿ ಜಾರುತ್ತದೆಯಾ ನೋಡಿ. ಅಂಚು ಚೂಪಾಗಿದ್ದರೆ ಉಜ್ಜಿ ನಯ ಮಾಡಿ.

ಮುಚ್ಚಳ ಎಬ್ಬಿಸುವುದು ಮೂರನೆಯದು. ಬೀಗ ಸಡಿಲ ಇದ್ದರೆ ಸುತ್ತ ಒಂದು ಪಟ್ಟಿ ಬಿಗಿಯಿರಿ. ರಬ್ಬರ್ ಬ್ಯಾಂಡ್ ಬೇಡ. ಬೆಕ್ಕು ಅದನ್ನು ಕಿತ್ತು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳದಲ್ಲಿ ಇಡುವ ತೇವ ಹೀರುವ ಪುಟ್ಟ ಚೀಲವೂ ಬೆಕ್ಕಿನ ಕೈಗೆ ಸಿಗದಂತಿರಲಿ. ವೈರನ್ನು ಗೋಡೆಗೆ ಒತ್ತಿ ಕವಚ ಹಾಕಿ.

ಬೆಕ್ಕು ಒಂದೇ ಒಂದು ಸಲ ಯಂತ್ರದಿಂದ ಕದ್ದರೂ ಸಾಕು, ಮುಂದಿನ ಅನೇಕ ದಿನ ಅದರ ಜೊತೆ ಗುದ್ದಾಡುತ್ತಲೇ ಇರುತ್ತದೆ. ತಡೆಯನ್ನು ಕಳ್ಳತನ ಶುರುವಾದ ಮೇಲೆ ಹಾಕುವುದಕ್ಕಿಂತ ಮೊದಲ ದಿನವೇ ಹಾಕುವುದು ಮೇಲು.

## ಹಂತ 6: ಪರಿಚಯ ಮಾಡಿಸಿ

ಮೊದಲ ಎರಡು ದಿನ ಫೀಡರ್ ಬಂದ್ ಇರಲಿ. ಎಂದಿನ ಊಟವನ್ನು ಅದರ ಬಟ್ಟಲಿಗೇ ಹಾಕಿ. ಮುಂದಿನ ಎರಡು ಮೂರು ದಿನ ಬೆಕ್ಕು ಹತ್ತಿರ ಇದ್ದಾಗ ಗುಂಡಿ ಒತ್ತಿ ಒಂದೊಂದು ಪಾಲು ಬೀಳಿಸಿ. ಮೋಟರ್ ಶಬ್ದ ಬಂದರೆ ಊಟ ಬರುತ್ತದೆ ಎಂದು ಅದಕ್ಕೆ ತಿಳಿಯಬೇಕು. ಗುಂಡಿ ಒತ್ತುವುದು ಕಾಣದಂತೆ ಒತ್ತಿ, ಅಥವಾ ಫೋನಿನಿಂದ ಒತ್ತಿ. ನಿಮ್ಮ ಬೆರಳನ್ನು ನೋಡಿದರೆ ಊಟ ನಿಮ್ಮಿಂದಲೇ ಬಂತು ಎಂದು ತಿಳಿಯುತ್ತದೆ.

ಶಬ್ದಕ್ಕೆ ಹೆದರುವ ಬೆಕ್ಕಿಗೆ ಇನ್ನೂ ಕೆಲವು ದಿನ ಕೊಡಿ. ಶಬ್ದ ಕೇಳಿ ಓಡಿಬರಲು ಶುರುಮಾಡಿದರೆ ಮುಂದಿನ ಹಂತಕ್ಕೆ ಹೋಗಬಹುದು.

## ಹಂತ 7: ವೇಳಾಪಟ್ಟಿ ಹಾಕಿ, ಕೈಯಿಂದ ಹಾಕುವುದನ್ನು ಪೂರ್ತಿ ನಿಲ್ಲಿಸಿ

ಬೆಕ್ಕು ಸ್ವಭಾವದಿಂದಲೇ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನ್ನುವ ಪ್ರಾಣಿ. ಬಿಟ್ಟರೆ ಹತ್ತಕ್ಕೂ ಹೆಚ್ಚು ಸಲ ತಿನ್ನುತ್ತದೆ. ಎರಡೇ ಸಲ ಬಟ್ಟಲು ತುಂಬಿಸಿದಾಗ ಗಬಗಬನೆ ನುಂಗಿ, ಕೂಡಲೇ ವಾಂತಿ ಮಾಡಿ, ಮತ್ತೆ ಕೂಗುತ್ತದೆ. ಹಾಗಾಗಿ ದಿನದ ಪಾಲನ್ನು ಐದಾರು ಊಟಕ್ಕೆ ಹಂಚಿ. ಬೆಳಗಿನ ಜಾವ 5, ಬೆಳಗ್ಗೆ 9, ಮಧ್ಯಾಹ್ನ 1, ಸಂಜೆ 5, ರಾತ್ರಿ 8, ರಾತ್ರಿ 11. ಇದು ಶುರುವಿಗೆ ಸರಿ. ರಾತ್ರಿಯ ಕೊನೆಯ ಊಟ ನೀವು ಮಲಗುವ ಹೊತ್ತಿಗೆ ಇರಲಿ. ಅದಕ್ಕೆ ಮುಂಚೆ ಹತ್ತು ನಿಮಿಷ ಜೋರಾಗಿ ಆಟ ಆಡಿಸಿದರೆ ತಿಂದು ನಿದ್ದೆ ಹೋಗುತ್ತದೆ.

ಐದಾರು ಊಟ ಮಾಡಿದ ಮೇಲೂ ನುಂಗಿ ವಾಂತಿ ಮಾಡುತ್ತಿದ್ದರೆ ಬಟ್ಟಲನ್ನು ಅಗಲವಾದ ಚಪ್ಪಟೆ ತಟ್ಟೆಗೆ ಬದಲಿಸಿ. ಕಾಳು ಹರಡಿದರೆ ಒಂದೊಂದೇ ಹೆಕ್ಕಿ ತಿನ್ನಬೇಕಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಇಂದಿನಿಂದ ಮನೆಯಲ್ಲಿ ಯಾರೂ ಕೈಯಿಂದ ಊಟ ಹಾಕಬಾರದು. ಅಜ್ಜಿ ಹಾಕಬಾರದು, ಮಕ್ಕಳು ಹಾಕಬಾರದು, ನೀವು ಊಟಕ್ಕೆ ಕುಳಿತಾಗ ಮೇಜಿನ ಕೆಳಗೆ ಒಂದು ಚೂರು ಎಸೆಯುವುದೂ ಬೇಡ. ಫೋನಿನ ಆ್ಯಪ್‌ನಲ್ಲಿ ‘ಈಗಲೇ ಹಾಕು’ ಎಂಬ ಗುಂಡಿ ಇರುತ್ತದೆ. ಬೆಕ್ಕು ಕೂಗಿತು ಅಂತ ಅದನ್ನು ಒತ್ತಿದರೆ ಕೈಯಿಂದ ಹಾಕಿದ್ದಕ್ಕೆ ಸಮ. ಟ್ರೀಟ್ ಕೊಡಲೇಬೇಕು ಅನ್ನಿಸಿದರೆ ಆಟದ ನಂತರ ಕೊಡಿ, ಕೂಗಿದಾಗ ಎಂದೂ ಬೇಡ.

ಮೊದಲ ವಾರ ಕಾಟ ಕಡಿಮೆಯಾಗುವುದಿರಲಿ, ಜಾಸ್ತಿಯೇ ಆಗುತ್ತದೆ. ಇಷ್ಟು ದಿನ ಫಲ ಕೊಟ್ಟ ಕೂಗು ಈಗ ಯಾಕೆ ಫಲ ಕೊಡುತ್ತಿಲ್ಲ ಎಂದು ಬೆಕ್ಕು ಇನ್ನೂ ಜೋರಾಗಿ, ಇನ್ನೂ ಹೊತ್ತು ಕೂಗಿ ನೋಡುತ್ತದೆ. ಆರನೇ ದಿನ ತಾಳಲಾರದೆ ಒಂದು ಹಿಡಿ ಹಾಕಿದಿರೋ, ಆರು ದಿನ ಕೂಗಿದರೆ ಸಿಗುತ್ತದೆ ಎಂಬ ಪಾಠ ಅದಕ್ಕೆ ಸಿಕ್ಕಿತು. ಯಾವಾಗಲೂ ಕೊಡುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಕೊಡುವುದು ಕೆಟ್ಟದ್ದು. ಬೈಯುವುದೂ ಬೇಡ, ಅದೂ ಒಂದು ಗಮನವೇ. ಸುಮ್ನೆ ಎದ್ದು ಬೇರೆ ಕೋಣೆಗೆ ಹೋಗಿ.

ಡಬ್ಬಿ ತುಂಬಿಸುವ ಕೆಲಸವನ್ನೂ ಬೆಕ್ಕಿನ ಕಣ್ಣಿಗೆ ಬೀಳದಂತೆ ಮಾಡಿ. ದಿನಾ ಒಂದೇ ಹೊತ್ತಿಗೆ ತುಂಬಿಸಬೇಡಿ.

## ಹಂತ 8: ಬೆಳಗಿನ ಜಾವದ ಊಟವನ್ನು ಮುಂದಕ್ಕೆ ತಳ್ಳುವುದು

ನಿಮ್ಮ ಬೆಕ್ಕು 5 ಗಂಟೆಗೆ ಎಬ್ಬಿಸುತ್ತದೆ ಎಂದುಕೊಳ್ಳಿ. ಫೀಡರ್ ಸಮಯವನ್ನು 7ಕ್ಕೆ ಇಟ್ಟರೆ ಎರಡು ಗಂಟೆ ಕೂಗುತ್ತದೆ ಅಷ್ಟೇ. 4:45ಕ್ಕೆ ಇಡಿ. ಕೂಗುವ ಮುಂಚೆಯೇ ಊಟ ಬೀಳಬೇಕು. ಹೀಗೆ ಒಂದು ವಾರ ಬಿಡಿ. ಬೆಕ್ಕು ನಿಮ್ಮ ಮುಖದ ಹತ್ತಿರ ಬರುವ ಬದಲು ಫೀಡರ್ ಮುಂದೆ ಕೂತು ಕಾಯಲು ಶುರುಮಾಡಿದರೆ ಕೆಲಸ ಹಿಡಿತಕ್ಕೆ ಬಂತು. ಆಮೇಲೆ ಮೂರ್ನಾಲ್ಕು ದಿನಕ್ಕೊಮ್ಮೆ ಹತ್ತು ನಿಮಿಷ ಮುಂದಕ್ಕೆ ತಳ್ಳಿ. ಮತ್ತೆ ನಿಮ್ಮನ್ನು ಎಬ್ಬಿಸಲು ಬಂದರೆ ಹಿಂದಿನ ಸಮಯಕ್ಕೆ ಹೋಗಿ, ಕೆಲವು ದಿನ ಅಲ್ಲೇ ನಿಲ್ಲಿ.

ನೀವು ಎದ್ದ ತಕ್ಷಣ ಫೀಡರ್ ಹತ್ತಿರ ಸುಳಿಯಬೇಡಿ. ನೀವು ಏಳುವುದಕ್ಕೂ ಊಟಕ್ಕೂ ನಂಟು ಉಳಿದರೆ ಏನು ಮಾಡಿಯಾದರೂ ಏಳಿಸುತ್ತದೆ.

## ಹಂತ 9: ಎರಡು ಮೂರು ಬೆಕ್ಕು ಇದ್ದರೆ

ಒಂದು ಫೀಡರ್‌ಗೆ ಎರಡು ಬಟ್ಟಲು ಜೋಡಿಸುವ ಕವಲು ಸಿಗುತ್ತದೆ. ಎರಡೂ ಬೆಕ್ಕು ನಿಧಾನವಾಗಿ ತಿನ್ನುವಂಥವಾದರೆ ಸರಿ. ಒಂದು ಹೊಟ್ಟೆಬಾಕ ಆಗಿದ್ದರೆ ತನ್ನದನ್ನು ಮುಗಿಸಿ ಇನ್ನೊಂದನ್ನು ತಳ್ಳುತ್ತದೆ. ಆಗ ಬೇರೆ ಬೇರೆ ಕೋಣೆಯಲ್ಲಿ, ಒಂದಕ್ಕೊಂದು ಕಾಣದಂತೆ ಎರಡು ಫೀಡರ್ ಇಟ್ಟು ಒಂದೇ ಕ್ಷಣಕ್ಕೆ ಸಮಯ ಹೊಂದಿಸಿ. ಅದೂ ಸಾಲದಿದ್ದರೆ ಚಿಪ್ ಓದುವ ಫೀಡರ್ ತಪ್ಪಿದ್ದಲ್ಲ. ಅದರ ಅಕ್ಕಪಕ್ಕ ಜಾಗ ಇದ್ದರೆ, ಚಿಪ್ ಹೊಂದುವ ಬೆಕ್ಕು ತಿನ್ನುವಾಗ ಇನ್ನೊಂದು ಪಕ್ಕದಿಂದ ತಲೆ ತೂರಿಸುತ್ತದೆ. ಪಕ್ಕಕ್ಕೆ ತಡೆ ಕಟ್ಟಿ, ಒಂದೇ ತಲೆ ಹೋಗುವಷ್ಟು ದಾರಿ ಬಿಡಿ.

## ಹಂತ 10: ವಾರದ ಕೆಲಸ

ಕಾಳಿನ ಎಣ್ಣೆ ಡಬ್ಬಿಯ ಗೋಡೆಗೆ ಅಂಟಿ ಹಳಸುತ್ತದೆ. ವಾರಕ್ಕೊಮ್ಮೆ ಡಬ್ಬಿ, ಚಕ್ರ, ಕೊಳವೆ ತೊಳೆದು ಪೂರ್ತಿ ಒಣಗಿಸಿ. ತೇವ ಉಳಿದರೆ ಕಾಳು ಅಂಟಿಕೊಂಡು ಚಕ್ರ ನಿಲ್ಲುತ್ತದೆ, ಬೂಸ್ಟೂ ಬರುತ್ತದೆ. ಮೋಟರ್ ಇರುವ ಭಾಗಕ್ಕೆ ನೀರು ತಾಗಿಸದೆ ಬಟ್ಟೆಯಿಂದ ಒರೆಸಿ. ಬಟ್ಟಲನ್ನು ದಿನಾ ತೊಳೆಯಿರಿ.

ತೊಳೆದ ದಿನವೇ ಐದು ಪಾಲು ತೂಗಿ ನೋಡಿ, ಗಡಿಯಾರ ಪರೀಕ್ಷಿಸಿ, ಬೆಕ್ಕಿನ ತೂಕ ಬರೆದಿಡಿ. ತಿಂಗಳಾದರೂ ತೂಕ ಕದಲದಿದ್ದರೆ ಪಾಲು ಕಡಿಮೆ ಮಾಡುವ ಮುಂಚೆ ಮನೆಯವರನ್ನು ವಿಚಾರಿಸಿ. ಯಾರೋ ಒಬ್ಬರು ಗುಟ್ಟಾಗಿ ಹಾಕುತ್ತಿರುತ್ತಾರೆ!

ಫೀಡರ್ ಇದೆ ಅಂತ ಬೆಕ್ಕನ್ನು ಒಂಟಿಯಾಗಿ ಬಿಟ್ಟು ಊರಿಗೆ ಹೋಗಬೇಡಿ. ದಿನಕ್ಕೊಮ್ಮೆ ಯಾರಾದರೂ ಬಂದು, ಕಾಳು ಬಿದ್ದಿದೆಯಾ, ಬೆಕ್ಕು ತಿಂದಿದೆಯಾ ನೋಡಲೇಬೇಕು.

## ಯಾವಾಗ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು

ಸದಾ ತಿನ್ನುವ ಬೆಕ್ಕು ಒಂದು ದಿನ ಪೂರ್ತಿ ಬಟ್ಟಲು ಮುಟ್ಟದಿದ್ದರೆ ‘ನಾಳೆ ನೋಡೋಣ’ ಎನ್ನಬೇಡಿ, ಅಂದೇ ಫೋನ್ ಮಾಡಿ. ವಾರಕ್ಕೆ ದೇಹದ ತೂಕದ ಶೇಕಡಾ 2ಕ್ಕಿಂತ ಹೆಚ್ಚು ಇಳಿದರೆ ಪಾಲು ಹೆಚ್ಚಿಸಿ, ವೈದ್ಯರಿಗೆ ತಿಳಿಸಿ. ಕಣ್ಣು, ಕಿವಿಯ ಒಳಭಾಗ, ಒಸಡು ಹಳದಿಯಾಗಿ ಕಂಡರೆ ಅದು ತುರ್ತು. ಪ್ಲಾಸ್ಟಿಕ್, ದಾರ, ಟಾಯ್ಲೆಟ್ ಟ್ರೇಯ ಮರಳು ತಿನ್ನಲು ಶುರುಮಾಡಿದರೂ ತೋರಿಸಿ. ವೇಳಾಪಟ್ಟಿ ಸರಿಯಾಗಿದ್ದೂ ಹಸಿವು ಇದ್ದಕ್ಕಿದ್ದಂತೆ ಏರಿದರೆ 1ನೇ ಹಂತಕ್ಕೆ ಮರಳಿ. ಹೋಗುವಾಗ ತೂಕ ಬರೆದ ನೋಟ್‌ಬುಕ್ ಜೊತೆಗೆ ಒಯ್ಯಿರಿ. ‘ಜಾಸ್ತಿ ತಿನ್ನುತ್ತದೆ’ ಎನ್ನುವ ಮಾತಿಗಿಂತ ಆ ಅಂಕಿಗಳು ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.